ಮುನಿಗಂಗಮ್ಮನ ವಕಾಲತ್ತು

ಇನ್ನೊಂದು ವಿಮಾನ, ಕೋರ್ಟಿನ ಕಿಟಕಿ ಗಾಜು ಗುಂಯ್‌ಗುಟ್ಟಿತು, ಗುಮಾಸ್ತ ಕೂಗಿದ ಕೇಸಿನ ನಂಬರು ಆ ಸದ್ದಿನಲ್ಲೇ ಮುಳುಗಿತು, ಇರಲಿ, ವಕೀಲೆ ಮಮತಳ ಗಂಟಲೇನು ಸಣ್ಣದಲ್ಲ, ಕೂಗಿದರೆ ದೇವನಹಳ್ಳಿ ಕೋಟೆಗೂ ಕೇಳಿಸೀತು — ಹಿಂದಿನ ಬೆಂಚಿನಲ್ಲಿ ಉಮಾಶಂಕರ್ ಕೂತಿದ್ದಾನೆ, ಪಾರ್ಟಿಯ ತಾಲ್ಲೂಕು ಅಧ್ಯಕ್ಷ, ತಿರುಗಿ ನೋಡಬಾರದು, ನೋಡಿದರೆ ನಗುತ್ತಾನೆ, ಬೆಳಿಗ್ಗೆ ಹೋಟೆಲಿನಲ್ಲಿ ನಕ್ಕ ಹಾಗೆಯೇ, ನೋಡಮ್ಮ ಮಮತ, ಪುರಸಭೆ ಟಿಕೆಟ್ ನಿಂದೇ ಅಂದ್ಕೋ, ಆ ಬೂದಿಗೆರೆ ಕೇಸೊಂದು ಬಿಟ್ಬಿಡು, ಲೇಔಟು ನಮ್ಮೋರ್ದೇ ಕಣಮ್ಮ, ಮಮತ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಂದಿದ್ದಳು, ಎಷ್ಟು ವರ್ಷ ಬಾವುಟ ಹೊತ್ತಳು, ಬಿಸಿಲಲ್ಲಿ ಮೈಕು ಹಿಡಿದಳು, ಹೆಂಗಸ್ರಿಗ್ಯಾಕೆ ರಾಜಕೀಯ ಎನ್ನುತ್ತಿದ್ದ ಅತ್ತೆಯಿಂದಲೇ ಕೊನೆಗೆ ಪಾರ್ಟಿಗೆ ಓಟು ಹಾಕಿಸಿದಳು, ಈಗ ಟಿಕೆಟ್ ಬೇಕಾದರೆ ಸ್ಮಶಾನ ಬಿಟ್ಟುಕೊಡಬೇಕಂತೆ. ಸ್ಮಶಾನ! ಬೂದಿಗೆರೆಯವರು ಅಜ್ಜ ಮುತ್ತಜ್ಜರನ್ನು ಹೂಳುತ್ತ ಬಂದ ನೆಲಕ್ಕೆ ಲೇಔಟಿನವರ ಜೆಸಿಬಿ ನುಗ್ಗಿತು, ಆ ಊರಿನ ಮುದುಕಿ ಮುನಿಗಂಗಮ್ಮ ಅದಕ್ಕೆ ಅಡ್ಡ ಮಲಗಿದಳು, ಕೇಸು ಬಿದ್ದದ್ದು ನುಗ್ಗಿದವರ ಮೇಲಲ್ಲ, ಮಲಗಿದವಳ ಮೇಲೆ, ಯಾವ ವಕೀಲನೂ ಮುಟ್ಟಲಿಲ್ಲ, ಪಾರ್ಟಿ ವಿಷ್ಯ ಮೇಡಂ, ನಮಗ್ಯಾಕೆ ಅಂದರು, ಮಮತಳ ಅಪ್ಪ ಬೈಲಪ್ಪ ಬದುಕಿದ್ದರೆ ಏನೆನ್ನುತ್ತಿದ್ದ, ಕೋಟು ಹಾಕ್ಕಂಡ್ಮ್ಯಾಕೆ ಬಗ್ಗಬ್ಯಾಡ ಮಗಾ, ಬಗ್ಗೋದಾದ್ರೆ ಕಳೆ ಕೀಳಾಕೆ ಬಾ — ಮುನಿಗಂಗಮ್ಮಾ, ಕರೆದೇಬಿಟ್ಟರು, ಮುದುಕಿ ಕಟಕಟೆ ಹಿಡಿದು ನಿಂತಳು, ಆರೋಪಿ ಪರ ಯಾರು, ಹಿಂದಿನಿಂದ ಉಮಾಶಂಕರನ ಕೆಮ್ಮು, ಒಂದು ಸಲ, ಮತ್ತೊಂದು ಸಲ, ಕೆಮ್ಮು ಗುರು, ಕೆಮ್ಮು, ಕರುಳು ಕಿತ್ತು ಬರುವವರೆಗೂ ಕೆಮ್ಮು, ಮಮತ ಎದ್ದಳು, ನಾನಿದ್ದೀನಿ ಸ್ವಾಮಿ, ಬೇಕೆಂದೇ ಇನ್ನಷ್ಟು ಜೋರಾಗಿ, ಮುನಿಗಂಗಮ್ಮನ ಪರ ನಾನಿದ್ದೀನಿ. ಹಿಂದೆ ಬೆಂಚು ಕಿರುಗುಟ್ಟಿತು, ಬಾಗಿಲು ಬಡಿಯಿತು, ಎದ್ದುಹೋದ, ಟಿಕೆಟ್ ಹೋಯಿತು, ಹೋಗಲಿ, ಟಿಕೆಟಿಲ್ಲದೆಯೇ ನಿಲ್ಲುತ್ತಾಳೆ, ಅವರ ಬಾವುಟವಿಲ್ಲದೆ ಓಣಿ ಓಣಿ ತಿರುಗುತ್ತಾಳೆ, ಸೋತರೆ ಸೋಲಲಿ, ಸೋತ ಮುಖವನ್ನು ಎತ್ತಿಕೊಂಡೇ ತಿರುಗುತ್ತಾಳೆ — ಏನಮ್ಮ, ತಪ್ಪು ಒಪ್ಕೋತೀರಾ, ನ್ಯಾಯಾಧೀಶರು ಕೇಳುತ್ತಿದ್ದಾರೆ, ಒಪ್ಕಳಾಕಿಲ್ಲ ಸ್ವಾಮಿ, ಮುನಿಗಂಗಮ್ಮನ ದನಿ ನಡುಗಲೇ ಇಲ್ಲ, ಅಲ್ಲಿ ನನ್ ಮಗ್ಳು ಮಲಗವ್ಳೆ, ಅವ್ಳ ಎದೆ ಮ್ಯಾಲೆ ಚಕ್ರ ಹತ್ತುಸ್ತಿದ್ರು, ಅದ್ಕೇ ನಾನೂ ಅಲ್ಲೇ ಮಲಿಕ್ಕಂಡೆ. ನ್ಯಾಯಾಧೀಶರು ಗುಮಾಸ್ತನ ಕಡೆ ತಿರುಗಿದರು, ಒಪ್ಪಿಲ್ಲ ಅಂತ ಬರ್ಕೊಳ್ಳಿ, ವಿಚಾರಣೆ ನಡೀಲಿ, ಮಮತ ಮುಂದಿನ ತಾರೀಖು ಕೇಳಬೇಕು, ಜೆಸಿಬಿಗೆ ತಡೆಯಾಜ್ಞೆ ತರಲು ಬೇರೆ ದಾವೆ ಹೂಡಬೇಕು, ಬಾಯಿ ತೆರೆದಳು, ಮಗಳಿದ್ದಳೆಂದು ಈ ಮುದುಕಿ ತನಗೂ ಹೇಳಿರಲಿಲ್ಲ, ಮಣ್ಣಿನ ಮೇಲೆ ತಾಯಿ, ಮಣ್ಣಿನ ಕೆಳಗೆ ಮಗಳು, ಮೇಲೆ ತಾಯಿ, ಕೆಳಗೆ ಮಗಳು, ತಾಯಿ, ಮಣ್ಣು, ಮಗಳು —