ತಿರುಗಿಸದೆ ಬಿಟ್ಟ ತಿರುಪು

ಹಾರಾಟದ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದ ಮೇಡಂ ಆಲ್ಟಿಮೀಟರ್ ಪಾಠಕ್ಕೆ ಹೆಸರಾದವರು. ಎತ್ತರ ತೋರಿಸುವ ಆ ಯಂತ್ರಕ್ಕೆ ನೆಲ ಕಾಣುವುದಿಲ್ಲ, ಗೊತ್ತಿರುವುದು ಗಾಳಿಯ ಒತ್ತಡವೊಂದೇ ಎಂದು ಮೊದಲ ದಿನವೇ ಹೇಳುತ್ತಿದ್ದರು. ತುಂಬ ಮೇಲೆ ಹಾರುವಾಗ ಎಲ್ಲ ವಿಮಾನಗಳೂ ಯಂತ್ರದಲ್ಲಿ ೧೦೧೩ ಎಂಬ ಒಂದೇ ಒತ್ತಡದ ಅಂಕಿ ಇಟ್ಟುಕೊಳ್ಳುತ್ತವೆ. ಆಗ ಮುಳ್ಳು ತೋರಿಸುವುದು ಒತ್ತಡದ ಲೆಕ್ಕದ ಎತ್ತರ, ನಿಜವಾದ ಎತ್ತರವಲ್ಲ. ಇಳಿಯುವಾಗ ನಿಲ್ದಾಣದ ಟವರಿನವರು ರೇಡಿಯೋದಲ್ಲಿ ಹೇಳಿದ ಆ ಹೊತ್ತಿನ ಅಂಕಿಗೆ ಯಂತ್ರದ ತಿರುಪು ತಿರುಗಿಸಲೇಬೇಕು. ಮರೆತವರನ್ನು ಎಲ್ಲರೆದುರು ನಿಲ್ಲಿಸಿ, ಕಿವಿಯನ್ನು ಮನೆಯಲ್ಲೇ ಬಿಟ್ಟು ಬಂದಿರಾ ಎಂದು ಕೇಳುತ್ತಿದ್ದರು.

ಶನಿವಾರಗಳಂದು ಅವರು ಪಾರ್ಸೆಲ್ ಸಾಗಿಸುವ ಸಣ್ಣ ವಿಮಾನವನ್ನು ಒಬ್ಬರೇ ಹಾರಿಸುತ್ತಿದ್ದರು. ಅಂಥದೊಂದು ಮಧ್ಯಾಹ್ನ ಮೋಡದಿಂದ ಇಳಿದು ಹೊರಬಂದರೆ ಮರಗಳ ತುದಿ ಕಾಲ ಕೆಳಗೇ ಇತ್ತು. ವಿಮಾನದ ಮೂತಿ ಎತ್ತಿ ಮೇಲೇರಿ, ಯಂತ್ರದ ಪುಟ್ಟ ಕಿಟಕಿ ನೋಡಿದರು. ೧೦೧೩ ಹಾಗೇ ಇತ್ತು. ಆ ದಿನದ ಒತ್ತಡ ಅದಕ್ಕಿಂತ ಇಪ್ಪತ್ತು ಕಡಿಮೆ. ಒಂದು ಅಂಕಿಗೆ ಸುಮಾರು ಮೂವತ್ತು ಅಡಿಯಂತೆ, ಮುಳ್ಳು ಆರುನೂರು ಅಡಿ ಹೆಚ್ಚು ತೋರಿಸಿತ್ತು. ತಿರುಪು ತಿರುಗಿಸಿ, ಸುತ್ತು ಹಾಕಿ ಇಳಿದರು.

ಸುರಕ್ಷತಾ ಅಧಿಕಾರಿ ಮೊಗಸಾಲೆಯಲ್ಲೇ ತಡೆದು ಏನಾಯಿತೆಂದು ಕೇಳಿದಾಗ, ಯೋಚಿಸುವ ಮೊದಲೇ ನಾಲಿಗೆ ಹೊರಳಿತು.

"ಟವರ್‌ನವರು ಒತ್ತಡ ಹೇಳ್ಲೇ ಇಲ್ಲ."

ಆ ಹೊತ್ತು ಟವರಿನಲ್ಲಿದ್ದವರು ಎಲ್ಲರೂ ಮೆಲುದನಿ ಎಂದು ಕರೆಯುವ ಹಿರಿಯ ನಿಯಂತ್ರಕರು. ಅವರ ಮಾತು ಕೇಳಬೇಕಾದರೆ ವಿಮಾನದ ಇಂಜಿನ್ ಆರಿಸಬೇಕು ಎಂದು ಪೈಲಟ್‌ಗಳು ನಗುತ್ತಿದ್ದರು. ಹಾಗಾಗಿ ಮೇಡಂ ಮಾತನ್ನು ಎಲ್ಲರೂ ನಂಬಿದರು. ವಿಚಾರಣೆ ಮುಗಿಯುವವರೆಗೆ ಮೆಲುದನಿಯವರನ್ನು ಕೆಲಸದಿಂದ ದೂರವಿಟ್ಟರು. ರೇಡಿಯೋದ ಮಾತೆಲ್ಲ ಟೇಪಿನಲ್ಲಿರುತ್ತದೆಂದು ಮೇಡಂಗೆ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಮೂರು ದಿನ ದೂಡಿದರು. ಗಂಡನಿಗೂ ಅದೇ ಸುಳ್ಳು ಹೇಳಿದರು.

ನಾಲ್ಕನೆಯ ದಿನ ಅಧಿಕಾರಿ ಟೇಪು ಹಾಕಿದರು. ಮೆಲುದನಿಯವರು ಮೆಲ್ಲಗೆ, ಆದರೆ ಸ್ಪಷ್ಟವಾಗಿ, ೯೯೩ ಎಂದಿದ್ದರು. ಮರುಕ್ಷಣವೇ ಮೇಡಂ ದನಿ, ಪಾಠ ಒಪ್ಪಿಸುವ ಹಾಗೆ, ೯೯೩ ಎಂದು ತಿರುಗಿ ಹೇಳಿತ್ತು. ಬಾಯಿ ಹೇಳಿತ್ತು, ಕೈ ಮಾಡಿರಲಿಲ್ಲ. ಕೋಣೆಯಲ್ಲಿ ಯಾರೂ ಅವರತ್ತ ನೋಡಲಿಲ್ಲ. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ತಪ್ಪು ತನ್ನದೇ, ಸುಳ್ಳೂ ತನ್ನದೇ ಎಂದು ಅಲ್ಲೇ ಒಪ್ಪಿಕೊಂಡರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮೆಲುದನಿಯವರ ಮುಂದೆ ನಿಂತು ಕ್ಷಮೆ ಕೇಳಿದರು.

"ಹೇಳಿದ್ದೆ ಅಂತ ನನಗೆ ಚೆನ್ನಾಗಿ ನೆನಪಿತ್ತು, ಮೇಡಂ. ಆದ್ರೆ ನೀವು ಇಲ್ಲ ಅಂದ್ಮೇಲೆ ನನ್ನ ಮೇಲೇ ನಂಬಿಕೆ ಹೋಯ್ತು. ತಪ್ಪು ನಂದೇ ಅಂತ ಮನೇಲೂ ಹೇಳ್ಬಿಟ್ಟೆ," ಎಂದರು ಅವರು.

ಮೇಡಂ ಅವರ ಹಾರಾಟವನ್ನು ಎರಡು ತಿಂಗಳು ನಿಲ್ಲಿಸಿದರು. ಆ ಶಿಕ್ಷೆ ಅವರಿಗೆ ಕಡಿಮೆಯೇ ಎನಿಸಿತು. ಸಂಜೆ ಗಂಡನಿಗೆ ನಿಜ ಹೇಳಿದಾಗ ಅವನು, "ಅವರ ಮನೆಯವರಿಗೂ ನೀನೇ ಹೇಳ್ಬೇಕು," ಎಂದ.

ಮರುದಿನ ಬೆಳಿಗ್ಗೆ ಹೋದರು. ಮೆಲುದನಿಯವರ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

"ನಾಲ್ಕು ದಿನ ಅವರು ನೆಟ್ಟಗೆ ಊಟ ಮಾಡ್ಲಿಲ್ಲ," ಎಂದರು. ಒಳಗೆ ಬನ್ನಿ ಎನ್ನಲಿಲ್ಲ. ಮೇಡಂ ತಲೆ ತಗ್ಗಿಸಿ, ಬಾಗಿಲ ಮೆಟ್ಟಿಲ ಮೇಲೆ ನಿಂತೇ ಇದ್ದರು.