ಕಾರಣ: ಹೊಟ್ಟೆನೋವು

"ದಣಿವು ಅಂತ ಬೇಡ ಮೇಡಂ, ಹೊಟ್ಟೆನೋವು ಅಂತ ಬದಲಿಸಿ. ಇವತ್ತೇ ಕಳಿಸಿದರೆ ಬಡ್ತಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿಯುತ್ತದೆ."

ವಿಮಾನ ಕಂಪನಿಯ ಅಧಿಕಾರಿ ಇಷ್ಟು ಹೇಳಿ ಫೋನಿಟ್ಟ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದ ಬಸ್ಸಿನಲ್ಲಿ ರತ್ನಮಾಲಾ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು. ಅವಳು ಸಹಪೈಲಟ್ ಆಗಿ ಆರು ವರ್ಷವಾಗಿತ್ತು. ಪಕ್ಕದಲ್ಲಿ ಅಪ್ಪ ಮಚ್ಚೇಂದ್ರ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುಳಿತಿದ್ದ. ಇಪ್ಪತ್ತೆಂಟು ವರ್ಷ ಇದೇ ರಸ್ತೆಯಲ್ಲಿ ಬಸ್ಸು ನಡೆಸಿ ನಿವೃತ್ತನಾದವನು. ಬಸವಕಲ್ಯಾಣದ ಬುದ್ಧವಿಹಾರದಲ್ಲಿ ಅಂದು ಮಗಳಿಗೆ ಸನ್ಮಾನವಿತ್ತು.

"ಏನಂತ?"

ಹೇಳಿದಳು. ಕಳೆದ ವಾರ ಸತತ ಐದು ದಿನ ನಸುಕಿನ ಪಾಳಿ. ಐದನೆಯ ದಿನ ಎರಡು ಹಾರಾಟ ಮುಗಿಸಿ, ಮೂರನೆಯದಕ್ಕೆ ಒಲ್ಲೆನೆಂದು, ದಣಿವು ಎಂಬ ಕಾರಣ ಸಮೇತ ಬರೆದುಕೊಟ್ಟಿದ್ದಳು.

"ಹೊಟ್ಟಿನೋವು ಅಂತ ಬರದ್ರ ಏನ್ ಹೋಗ್ತದ? ನಾಳಿ ಕ್ಯಾಪ್ಟನ್ ಆಗಾಕಿ ನೀ."

"ನಿದ್ದಿ ಬಂದ್ರ ನೀ ಏನ್ ಮಾಡ್ತಿದ್ದಿ ಅಪ್ಪಾ?"

"ಗಾಡಿ ಬಾಜೂಕ ಹಚ್ತಿದ್ದೆ. ಮಾರಿ ತೊಳಕೊಂಡು, ಚಾ ಕುಡದು ಮತ್ತ ಹೊಂಡ್ತಿದ್ದೆ."

"ನಾ ಎಲ್ಲಿ ಹಚ್ಚಲಿ?"

ಅವಳು ಅಪ್ಪನ ಕಿವಿಯ ಬಳಿ ಬಾಗಿದಳು.

"ಅವತ್ತ ಎರಡನೇ ಫ್ಲೈಟಿನಾಗ ನಾ ಕಣ್ಣು ತೆರದಾಗ ಬಾಜೂಕ ಕ್ಯಾಪ್ಟನ್ನೂ ಮಲಗಿದ್ರು. ಎಷ್ಟೊತ್ತಿಂದ ಅಂತ ಇಬ್ಬರಿಗೂ ಗೊತ್ತಿಲ್ಲ. ಹಿಂದ ನೂರಾ ಎಂಬತ್ತು ಮಂದಿ ಕುಂತಿದ್ರು."

ಮಚ್ಚೇಂದ್ರನ ಕೈ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿಯಿತು. ಎರಡು ನಿಲುಗಡೆ ದಾಟಿದ ಮೇಲೆ, ಹಿಂದಿನವರಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದ:

"ಇದು ಅಲ್ಲಿ ಹೇಳಬ್ಯಾಡವ್ವಾ. ನಿನ್ನ ನೋಡಲಿ ಅಂತ ಮಂದಿ ತಮ್ಮ ಹೆಣ್ಣುಮಕ್ಕಳನ್ನ ಕರಕೊಂಡು ಬರಾಕತ್ತಾರ. ನಮ್ಮವರೊಳಗ ಅಷ್ಟು ಮ್ಯಾಲ ಹೋದಾಕಿ ನೀ ಒಬ್ಬಾಕಿನೇ. ಅವರು ಹೇಳಿದಂಗ ಬರದು ಕಳಸು."

ಅವಳು ಅಪ್ಪನ ಮುಖ ನೋಡಿದಳು. ಅವನು ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡುತ್ತಿದ್ದ. ಬರೆದು ಕಳಿಸಿದಳು. ಉತ್ತರ ತಕ್ಷಣವೇ ಬಂತು: 'ಬೇಗ ಗುಣಮುಖರಾಗಿ. ನಾಡಿದ್ದು ಬೆಳಗಿನ ಜಾವ ನಾಲ್ಕಕ್ಕೆ ಹಾಜರಿರಬೇಕು.' ಅದನ್ನು ಅವಳು ಅಪ್ಪನಿಗೆ ತೋರಿಸಲಿಲ್ಲ.

ವಿಹಾರ ತುಂಬಿತ್ತು. ಹಿರಿಯರಾದ ಪಂಡರಿ ಶಾಲು ಹೊದಿಸಿ, ಹಾರ ಹಾಕಿ, ಅವಳನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ, ಮಚ್ಚೇಂದ್ರನನ್ನು ಅವಳ ಪಕ್ಕದಲ್ಲಿ ಕೂರಿಸಿದರು. ತ್ರಿಶರಣದ ಪ್ರಾರ್ಥನೆ ಶುರುವಾಯಿತು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರು.

ಮುಗಿದಾಗ ಎಲ್ಲರೂ ಕಣ್ಣು ತೆರೆದರು. ರತ್ನಮಾಲಾ ತೆರೆಯಲಿಲ್ಲ. ಮುಗಿದ ಕೈಗಳು ಸಡಿಲಾಗಿ ಮಡಿಲಿಗೆ ಜಾರಿದ್ದವು.

"ಭಾಳ ಶ್ರದ್ಧಾ ಅದ ನಿಮ್ಮ ಮಗಳಿಗಿ," ಪಂಡರಿ ಮೆಲ್ಲಗೆ ಅಂದರು.

"ಹೌದ್ರಿ," ಅಂದ ಮಚ್ಚೇಂದ್ರ.

ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಅವಳ ಕುರ್ಚಿಗೆ ತಾಗಿಸಿ ಇಟ್ಟುಕೊಂಡ. ಸ್ವಲ್ಪ ಹೊತ್ತಿನಲ್ಲೇ ಅವಳ ತಲೆ ಅವನ ಹೆಗಲಿಗೆ ವಾಲಿತು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯರು ಎವೆಯಿಕ್ಕದೆ ನೋಡುತ್ತಿದ್ದರು. ಮಚ್ಚೇಂದ್ರ ಅಲುಗಾಡದೆ, ಉಸಿರು ಹಿಡಿದು, ನೆಟ್ಟಗೆ ಕುಳಿತ.