ಚಿಕ್ಕಬೀರಮ್ಮನ ರಾಟೆ ತಿರುಗಿದ್ದು

ಚಿಕ್ಕಬೀರಮ್ಮನದು ಸುಮ್ಮನಿರೋ ಬಾಯಲ್ಲ. ಮಗನ ಮಗಳು ಬೃಂದಾಗೆ ಗಂಡು ಗೊತ್ತಾದ ದಿನವೇ ರಾವಂದೂರಿನ ಬಸ್ ಸ್ಟ್ಯಾಂಡಿನವರೆಗೂ ಸಾರಿಬಿಟ್ಟಿದ್ದಳು: "ಹಸೆ ಕಂಬಳಿ ಅಂಚಿಗೆ ನಾನೇ ನೂಲ್ತೀನಿ ಕಣ್ರವ್ವಾ. ನಾನೇ!"

ಅದು ಅವರ ಮನೆತನದ ಪದ್ಧತಿ. ಕುರಿ ಕಾಯುವ ಕಾಲ ಹೋಗಿ ಹೊಗೆಸೊಪ್ಪು ಬೆಳೆಯುವ ಕಾಲ ಬಂದರೂ ಹೆಣ್ಣುಗಂಡು ಕೂರುವುದು ಕರಿಕಂಬಳಿಯ ಮೇಲೆಯೇ. ಕಂಬಳಿಯನ್ನು ಯಾರಾದರೂ ನೇಯಲಿ, ಅದರ ಅಂಚು ಹೊಲಿಯುವ ಉಣ್ಣೆದಾರ ಮಾತ್ರ ಹೆಣ್ಣಿನ ಮನೆಯಲ್ಲೇ ನೂತದ್ದಾಗಬೇಕು. ತನ್ನ ಮಗಳ ಮದುವೆಯಲ್ಲಿ ರಾಟೆ ಮುರಿದು ಬಿದ್ದಿತ್ತು ಅಂತ ಅಂಗಡಿ ದಾರದಲ್ಲಿ ಹೊಲಿದು ಮುಗಿಸಿದ್ದರು. ಆ ಕೊರಗು ಚಿಕ್ಕಬೀರಮ್ಮನಿಗೆ ಇನ್ನೂ ಹೋಗಿರಲಿಲ್ಲ. ಈ ಸಲವೂ ಹಾಗಾದರೆ ಊರಿಗೆ ಮುಖ ತೋರಿಸುವುದು ಹೇಗೆ?

ಉಣ್ಣೆ ತರಿಸಿ, ಬಿಡಿಸಿ, ಸುರುಳಿ ಸುತ್ತಿ ಹಂಜಿ ಮಾಡುವಷ್ಟರಲ್ಲಿ ಶ್ರಾವಣ ಬಂದು ಕೂತಿತ್ತು. ಮದುವೆ ನಾಡಿದ್ದು ಅನ್ನುವಾಗ ಅತ್ತೆಯ ಕಾಲದ ರಾಟೆ ಅಟ್ಟದಿಂದ ಇಳಿದು ಜಗಲಿಗೆ ಬಂತು. ಚಿಕ್ಕಬೀರಮ್ಮ ಅಲ್ಲಾಡುವ ಕಾಲಿಗೆ ಚಕ್ಕೆ ಹೊಡೆದಳು. ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿ, ಸೊಟ್ಟಗಾಗಿದ್ದ ಕದಿರನ್ನು ಚಪ್ಪಡಿ ಮೇಲೆ ಉರುಳಿಸಿ, ತಟ್ಟಿ, ನೆಟ್ಟಗೆ ಮಾಡಿದಳು. ಕದಿರು ಕೂರುವ ಚರ್ಮದ ಕಿವಿಗಳನ್ನು ಗೆದ್ದಲು ತಿಂದಿತ್ತು. ಗಂಡ ಸಣ್ಣಯ್ಯ ತನ್ನ ಹಳೇ ಚಪ್ಪಲಿ ಎತ್ತಿಕೊಂಡು ಬಂದ.

"ಹಸೆ ಕಂಬಳಿಗೆ ಚಪ್ಪಲಿ ಚರ್ಮವಾ? ನಿಮ್ಮ ಬುದ್ಧಿಗೆ ಬೆಂಕಿ ಹಾಕ" ಅಂದು, ಎತ್ತಿನ ಕೊರಳಪಟ್ಟಿಯಿಂದ ತುಂಡು ಕತ್ತರಿಸಿ ಕಿವಿ ಮಾಡಿದಳು.

ಎಲ್ಲ ಸರಿಹೋಯಿತು ಅಂದುಕೊಂಡು ಹಿಡಿ ತಿರುಗಿಸಿದರೆ, ಚಕ್ರ ಗಿರ್ರಂತ ಸುತ್ತಿತು, ಕದಿರು ಮಾತ್ರ ಅಲುಗಲಿಲ್ಲ. ಎರಡನ್ನೂ ಸುತ್ತಿದ್ದ ಹುರಿ ಸರಕ್ಕನೆ ಜಾರುತ್ತಿತ್ತು. ಮುಟ್ಟಿ ನೋಡಿದಳು. ಹುರಿ ತುಂಬ ಹರಳೆಣ್ಣೆ.

"ಇದ್ಯಾವ ಮೂದೇವಿ ಹುರಿಗೆ ಎಣ್ಣೆ ಹಚ್ಚಿದ್ದು? ಎಣ್ಣೆ ಕಿವಿಗೆ ಬಿಡ್ಬೇಕು, ಹುರಿಗಲ್ಲ!"

"ನಂಗೇನ್ ಗೊತ್ತು?" ಅಂದ ಸಣ್ಣಯ್ಯ. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ."

ಅವನನ್ನು ನುಂಗುವ ಹಾಗೆ ನೋಡಿ, ಬೂದಿ ಹಾಕಿ ಉಜ್ಜಿದಳು. ಆಗಲೂ ಜಾರಿತು. ಹೊಗೆಸೊಪ್ಪು ಪೋಣಿಸುವ ಗೋಣಿದಾರ ತಂದು ಕಟ್ಟಿದಳು. ಅದರ ಗಂಟು ಕದಿರಿಗೆ ಬಂದಾಗಲೆಲ್ಲ ಟಕ್ ಅಂತ ಎಗರಿ, ನೂಲು ಪಟ್ಟನೆ ಕಿತ್ತುಹೋಗುತ್ತಿತ್ತು. ಅತ್ತೆ ಹೊಸೆದ ಹುರಿಗೆ ಗಂಟೇ ಇರಲಿಲ್ಲ, ಎಳೆಯೊಳಗೆ ಎಳೆ ಸೇರಿಸಿದ್ದಳು ಪುಣ್ಯಾತ್ಗಿತ್ತಿ. ಕೊನೆಗೆ ಚಿಕ್ಕಬೀರಮ್ಮ ಹಳೇ ಹುರಿಯನ್ನೇ ಮತ್ತೆ ಏರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟಳು. ಹಂಜಿಗಳನ್ನು ಒಂದೊಂದಾಗಿ ಬುಟ್ಟಿಗೆ ತುಂಬತೊಡಗಿದಳು. ಸಣ್ಣಯ್ಯನಿಗೆ ಅದೇ ಭಯವಾಯಿತು.

ಆಗ ಅಜ್ಜಿಯ ಬೈಗುಳ ಕೇಳಿಸಿಕೊಂಡಿದ್ದ ಬೃಂದಾ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕಡೆಯಿಂದ ಬಂದಳು. ಮುರಿದ ಸೊಪ್ಪು ಮದುವೆ ಗಿದುವೆ ಅಂತ ಕಾಯುತ್ತದೆಯೇ? ಬೆಳಗಿಂದ ಕಡ್ಡಿಗೆ ಪೋಣಿಸಿ ಪೋಣಿಸಿ ಮದುವಣಗಿತ್ತಿಯ ಅಂಗೈ ಡಾಂಬರಿನ ಹಾಗೆ ಕಪ್ಪಾಗಿತ್ತು.

"ಅಜ್ಜೀ, ಎಣ್ಣೆ ಹಚ್ಚಿದ್ದು ನಾನು ಕಣಜ್ಜಿ. ನಿಂಗೆ ಕೈ ನೋಯ್ದೇ ಇರ್ಲಿ ಅಂತ ಎಲ್ಲಾ ಕಡೆ ಹಚ್ಚಿಬುಟ್ಟೆ." ಅವಳ ಕಣ್ಣು ತುಂಬಿತು. ಅಳುತ್ತಲೇ ಹುರಿಯನ್ನು ಹಿಡಿದು, ಎಣ್ಣೆ ಒರೆಸಲು ಬೆರಳ ಸಂದಿನಲ್ಲಿ ಎಳೆದಳು.

"ಮುಟ್ಬ್ಯಾಡ ಕಣೇ, ಸೊಪ್ಪಿನ ಅಂಟು!" ಅಂತ ಅಜ್ಜಿ ಕೂಗುವಷ್ಟರಲ್ಲಿ ಹುರಿ ಒಂದು ಸುತ್ತು ಅವಳ ಕೈಯಲ್ಲಿ ಹಾದುಹೋಗಿತ್ತು. ಈ ಸಲ ಹುರಿ ಜಾರಲಿಲ್ಲ, ಕದಿರು ಕುಣಿಯಿತು.

ಚಿಕ್ಕಬೀರಮ್ಮ ಹುರಿ ನೋಡಿದಳು, ಮೊಮ್ಮಗಳ ಕೈ ನೋಡಿದಳು. ಸೋಪು, ಸೀಗೆ, ಸೀಮೆಎಣ್ಣೆ ಯಾವುದಕ್ಕೂ ಬಗ್ಗದ ಅಂಟು ಅದು. ಎಣ್ಣೆಗೆ ಹೆದರುತ್ತದೆಯೇ?

"ಇನ್ನೊಂದ್ಸಲ ಎಳಿ, ಮಗಾ" ಅಂದಳು ಮೆಲ್ಲಗೆ.

ಎಳೆದಳು. ಅಜ್ಜಿ ಹಿಡಿ ತಿರುಗಿಸಿ, ಹಂಜಿಯ ತುದಿ ಕದಿರಿಗೆ ತಾಗಿಸಿ ಕೈ ಹಿಂದಕ್ಕೆ ಒಯ್ದಳು. ಕರಿನೂಲು ಸಣ್ಣಗೆ, ಗಟ್ಟಿಯಾಗಿ ಬಂತು. ಹುರಿ ಜಾರಿದಾಗಲೆಲ್ಲ ಬೃಂದಾ ಕೈ ಸವರಿದಳು. ಸಣ್ಣಯ್ಯ ಎರಡು ಮೊಣಕಾಲು ಮುಂದೆ ಮಾಡಿ ನೂಲು ಸುತ್ತಿಸಿಕೊಂಡ. ಮೂವರಿಗೂ ಖುಷಿಯೋ ಖುಷಿ. ಮಧ್ಯಾಹ್ನದ ಮುದ್ದೆ ಆರಿ ಕಲ್ಲಾದರೂ ಯಾರೂ ಏಳಲಿಲ್ಲ.

ಹಸೆಯ ದಿನ ಬೀಗಿತಿಯ ಕಣ್ಣು ಹುಡುಗಿಯ ಕೈಗೆ ಬಿತ್ತು. ಮದರಂಗಿಯ ಕೆಳಗೂ ಬೆರಳು ಕಪ್ಪಾಗಿಯೇ ಇದ್ದವು. "ಏನಮ್ಮಾ, ಮದುವೆಗಾದ್ರೂ ಕೈ ತೊಳೀಬಾರ್ದಾ?" ಅಂತ ನಕ್ಕರು.

ಬೃಂದಾ ಕೈ ಸೆರಗಿಗೆ ಸೇರಿಸಿದಳು. ಚಿಕ್ಕಬೀರಮ್ಮ ಅದನ್ನು ಹೊರಗೆಳೆದು ಕಂಬಳಿಯ ಅಂಚಿನ ಮೇಲೆ ಇಟ್ಟಳು.

"ತೊಳೆದಿದ್ರೆ ಈ ಅಂಚು ಇರ್ತಿರ್ಲಿಲ್ಲ ಕಣ್ರೀ. ನೂತಿದ್ದು ನಾನಲ್ಲ, ಈ ಕೈ."

ಇವಳ ಬಾಯಲ್ಲಿ 'ನಾನಲ್ಲ' ಅನ್ನುವ ಮಾತು ಸಣ್ಣಯ್ಯ ಕೇಳಿದ್ದು ಅವತ್ತೇ ಮೊದಲು. ಅವನು ವಾಲಗದವರ ಕಡೆ ತಿರುಗಿ ಜೋರಾಗಿ ಊದಿ ಅಂತ ಸನ್ನೆ ಮಾಡಿ, ಟವಲಿನಿಂದ ಕಣ್ಣೊರೆಸಿಕೊಂಡ.